ಹೊಗೆಯೊಳಗಿನ ಉಂಗುರಗಳು: ಒಲೆ, ಕಬ್ಬಿನ ಹೊಲ, ಗಾಣಗಳಲ್ಲಿ ಪಿಎಎಚ್ ತಗ್ಗಿಸುವ ಸಮಗ್ರ ಮಾರ್ಗದರ್ಶಿ

ಮುಧೋಳ ಸೀಮೆಯಲ್ಲಿ ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ಬೆಳಗಿನ ಜಾವದ ಗಾಳಿಗೆ ಎರಡು ವಾಸನೆ ಬರುತ್ತದೆ. ಒಂದು ಗಾಣದ ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ್ದು, ಇನ್ನೊಂದು ರವದಿ, ಅಂದರೆ ಕಬ್ಬಿನ ಒಣ ಎಲೆ ಸುಟ್ಟ ಹೊಗೆಯದ್ದು. ಹುಟ್ಟಿದಾಗಿನಿಂದ ಈ ಎರಡನ್ನೂ ಮೂಗಿನಲ್ಲಿ ಹೊತ್ತುಕೊಂಡೇ ಬೆಳೆದೆ. ಮುಂದೆ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತ ಬೆಂಜೀನ್ ಉಂಗುರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಅದೇ ಉಂಗುರಗಳು ನಾಲ್ಕೈದು ಒಂದಕ್ಕೊಂದು ಹೆಣೆದುಕೊಂಡು ನಮ್ಮ ಅವ್ವನ ಅಡುಗೆಮನೆಯ ಗೋಡೆಗೆ, ಅವಳ ಶ್ವಾಸಕೋಶಕ್ಕೆ ಅಂಟುತ್ತಿದ್ದವು ಎನ್ನುವುದು ಮಾತ್ರ ಬಹಳ ತಡವಾಗಿ ಮನಸ್ಸಿಗೆ ನಾಟಿತು. ಆ ಕಾರಣಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೊಗೆಯಲ್ಲಿ ಹುಟ್ಟುವ ಈ ಹೆಣೆದ ಉಂಗುರಗಳಿಗೆ ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬುದು ಉದ್ದದ ಹೆಸರು. ಪಿಎಎಚ್ ಎಂದು ಕರೆಯೋಣ. ನಾನು ಹೇಳಬೇಕಾದದ್ದು ಇಷ್ಟು: ಬೆಂಕಿ ಬಿಟ್ಟು ನಮ್ಮ ಬದುಕಿಲ್ಲ, ಆದರೆ ಎಲ್ಲ ಬೆಂಕಿಯೂ ಒಂದೇ ಅಲ್ಲ. ಏನನ್ನು ಸುಡುತ್ತೇವೆ, ಎಷ್ಟು ಒಣಗಿಸಿ ಸುಡುತ್ತೇವೆ, ಗಾಳಿ ಎಷ್ಟು ಕೊಡುತ್ತೇವೆ ಎಂಬ ಮೂರು ಸಂಗತಿ ಸರಿಹೋದರೆ ವಿಷದ ಬಹುಪಾಲು ಹುಟ್ಟುವುದೇ ಇಲ್ಲ.

ಮೊದಲು ಶತ್ರುವಿನ ಗುರುತು

ಆರು ಇಂಗಾಲದ ಪರಮಾಣುಗಳ ಬಳೆಯನ್ನು ಕಲ್ಪಿಸಿಕೊಳ್ಳಿ. ಅದು ಬೆಂಜೀನ್. ಎರಡು ಬಳೆ ಒಂದು ಬದಿಯನ್ನು ಹಂಚಿಕೊಂಡು ಕೂಡಿದರೆ ನಾಫ್ತಲೀನ್, ಟ್ರಂಕಿನಲ್ಲಿ ಇಡುವ ಗುಳಿಗೆ. ಮೂರು ಸಾಲಾಗಿ ಕೂಡಿದರೆ ಆಂಥ್ರಸೀನ್, ಅದೇ ಮೂರು ಮೊಣಕೈ ಮಡಚಿದಂತೆ ಕೂಡಿದರೆ ಫಿನಾಂಥ್ರೀನ್. ನಾಲ್ಕು ಉಂಗುರದವು ಪೈರೀನ್, ಕ್ರೈಸೀನ್. ಐದು ಉಂಗುರದ ಬೆಂಜೋ-ಎ-ಪೈರೀನ್ ಈ ಮನೆತನದ ಅತಿ ಕುಖ್ಯಾತ ಸದಸ್ಯ. ಉಂಗುರ ಕಡಿಮೆಯಿದ್ದವು ಹಗುರ, ಗಾಳಿಯಲ್ಲಿ ಆವಿಯಾಗಿ ತೇಲುತ್ತವೆ. ಉಂಗುರ ಹೆಚ್ಚಿದ್ದವು ಭಾರ, ಮಸಿಯ ಕಣದ ಬೆನ್ನೇರಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಹುಟ್ಟುವ ಬಗೆ ಹೀಗಿದೆ. ಕಟ್ಟಿಗೆಯಾಗಲಿ ಡೀಸೆಲ್ ಆಗಲಿ ಚೆನ್ನಾಗಿ ಬಿಸಿಯಾಗಿ ಆಮ್ಲಜನಕ ಸಾಲದೆ ಹೋದಾಗ ಅದರ ಅಣುಗಳು ಚೂರುಚೂರಾಗುತ್ತವೆ. ಅಸಿಟಿಲೀನ್‌ನಂಥ ಆ ಸಣ್ಣ ಚೂರುಗಳು ಮತ್ತೆ ಕೂಡಿ ಉಂಗುರವಾಗುತ್ತವೆ, ಉಂಗುರಕ್ಕೆ ಉಂಗುರ ಸೇರುತ್ತ ಬೆಳೆಯುತ್ತವೆ. ಬೆಳೆದು ಬೆಳೆದು ಗಟ್ಟಿಯಾದದ್ದೇ ನಾವು ಕಾಣುವ ಮಸಿ. ಆ ಹೊತ್ತಿಗೆ ಸಾಕಷ್ಟು ಗಾಳಿಯೂ ಶಾಖವೂ ಸಿಕ್ಕಿದ್ದರೆ ಅವು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತಿದ್ದವು. ವಿಜಯಪುರ ಜಿಲ್ಲೆಯ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರ ಸುಡುವ ಕಲ್ಲಿದ್ದಲಿನ ಪ್ರಮಾಣ ನಮ್ಮ ಊಹೆಗೆ ಸಿಗದಷ್ಟು. ಆದರೂ ಒಂದು ಕಿಲೋ ಕಲ್ಲಿದ್ದಲಿಗೆ ಹುಟ್ಟುವ ಪಿಎಎಚ್ ಲೆಕ್ಕ ಹಾಕಿದರೆ ಮನೆಯ ಶೇಗಡಿಯದೇ ಹಲವು ಪಟ್ಟು ಹೆಚ್ಚು. ದೊಡ್ಡ ಬಾಯ್ಲರಿನಲ್ಲಿ ಪುಡಿ ಮಾಡಿದ ಕಲ್ಲಿದ್ದಲು ಧಾರಾಳ ಗಾಳಿಯಲ್ಲಿ ಪೂರ್ತಿ ಉರಿಯುತ್ತದೆ, ಶೇಗಡಿಯಲ್ಲಿ ಅರೆಬೆಂದು ಹೊಗೆಯುತ್ತದೆ. ಸ್ಥಾವರದ ಹಾರುಬೂದಿ, ಗಂಧಕದ ಆಕ್ಸೈಡ್‌ಗಳ ತಕರಾರು ಬೇರೆ ವಿಷಯ.

ಈ ಮನೆತನಕ್ಕೆ ಬಂಧುಬಳಗವೂ ಉಂಟು. ಉಂಗುರಕ್ಕೆ ನೈಟ್ರೋ ಗುಂಪು ಸೇರಿದರೆ ನೈಟ್ರೋ ಪಿಎಎಚ್. ಡೀಸೆಲ್ ಹೊಗೆಯಲ್ಲಿ ಸಿಗುವ 1-ನೈಟ್ರೋಪೈರೀನ್ ಇದಕ್ಕೆ ಉದಾಹರಣೆ. ಆಮ್ಲಜನಕ ಸೇರಿದರೆ ಆಂಥ್ರಕ್ವಿನೋನ್‌ನಂಥ ಆಕ್ಸಿ ಪಿಎಎಚ್. ಉಂಗುರದೊಳಗೇ ಒಂದು ಇಂಗಾಲದ ಜಾಗದಲ್ಲಿ ಸಾರಜನಕ ಕೂತರೆ ಕ್ವಿನೋಲಿನ್, ಆಕ್ರಿಡೀನ್. ಉಂಗುರದಲ್ಲಿ ಗಂಧಕ ಸೇರಿದರೆ ಡೈಬೆಂಜೋಥಯೋಫೀನ್. ಇವನ್ನು ಯಾಕೆ ಹೇಳುತ್ತೇನೆ ಎಂದರೆ, ಪ್ರಯೋಗಾಲಯಗಳು ಸಾಮಾನ್ಯವಾಗಿ ಅಳೆಯುವುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1970ರ ದಶಕದಲ್ಲಿ ಪಟ್ಟಿ ಮಾಡಿದ 16 ಪಿಎಎಚ್‌ಗಳನ್ನು ಮಾತ್ರ. ಬಂಧುಗಳು ಆ ವರದಿಯಲ್ಲಿ ಬರುವುದಿಲ್ಲ.

ಇವು ಕೆಟ್ಟವೆಂದು ಗೊತ್ತಾದದ್ದು ನಿನ್ನೆ ಮೊನ್ನೆಯಲ್ಲ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವ ಹುಡುಗರಿಗೆ ಮುಂದೆ ವೃಷಣಚೀಲದ ಕ್ಯಾನ್ಸರ್ ಬರುವುದನ್ನು ಕಂಡು ಮಸಿಯ ಕಡೆ ಬೊಟ್ಟು ಮಾಡಿದ. 1915ರಲ್ಲಿ ಜಪಾನಿನ ಯಮಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ತಿಂಗಳುಗಟ್ಟಲೆ ಹಚ್ಚಿ ಗಡ್ಡೆ ಹುಟ್ಟಿಸಿ ತೋರಿಸಿದರು. 1933ರಲ್ಲಿ ಲಂಡನ್ನಿನ ಸಂಶೋಧಕರು ಟನ್ನುಗಟ್ಟಲೆ ಡಾಂಬರಿನ ಶೇಷವನ್ನು ಸೋಸಿ ಬೆಂಜೋ-ಎ-ಪೈರೀನ್ ಬೇರ್ಪಡಿಸಿದರು. ಇಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂಬ ಗುಂಪಿನಲ್ಲಿ ಇರಿಸಿದೆ. ಮನೆಯೊಳಗೆ ಕಟ್ಟಿಗೆ, ಕುಳ್ಳು (ಬೆರಣಿ) ಸುಟ್ಟ ಹೊಗೆ ಅದರ ಕೆಳಗಿನ 2ಎ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್ ತರುವ ಸಂಭವ ಹೆಚ್ಚೆಂಬ ಗುಂಪಿನಲ್ಲಿದೆ.

ವಿಚಿತ್ರವೆಂದರೆ ಬೆಂಜೋ-ಎ-ಪೈರೀನ್ ತಾನಾಗಿ ಅಷ್ಟೊಂದು ಚುರುಕಿನ ಅಣುವಲ್ಲ. ನಮ್ಮ ದೇಹವೇ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ಹೋಗುತ್ತದೆ. ಆ ಪ್ರಯತ್ನದ ನಡುದಾರಿಯಲ್ಲಿ ಡಯೋಲ್ ಎಪಾಕ್ಸೈಡ್ ಎಂಬ ರೂಪ ಹುಟ್ಟಿ ಡಿಎನ್‌ಎಯ ಗ್ವಾನಿನ್‌ಗೆ ಅಂಟಿಕೊಳ್ಳುತ್ತದೆ. ಕಸ ಹೊರಹಾಕಲು ಹೋಗಿ ಕೈ ಕುಯ್ದುಕೊಂಡ ಹಾಗೆ.

ಹೆಜ್ಜೆ 1: ಬಿಳಿ ಬಟ್ಟೆಯ ಪರೀಕ್ಷೆ

ಹಳೆಯ ಬಿಳಿ ಧೋತರವನ್ನು ಅಂಗೈ ಅಗಲದ ಚೂರುಗಳಾಗಿ ಹರಿಯಿರಿ. ಒಲೆಯ ಹಿಂದಿನ ಗೋಡೆ, ಬೆಳಕಿಂಡಿಯ ಅಂಚು, ಮಲಗುವ ಕೋಣೆಯ ತೊಲೆ, ಬಚ್ಚಲಿನ ಮಾಡು ಎಲ್ಲವನ್ನೂ ಒಂದೊಂದು ಚೂರಿನಿಂದ ಒರೆಸಿ, ಜಾಗದ ಹೆಸರು ಬರೆದು ಸಾಲಾಗಿ ಇಡಿ. ಬೂದುಬಣ್ಣದ ಒಣ ಧೂಳು ಬಂದರೆ ಅದು ಹೆಚ್ಚಾಗಿ ಬೂದಿ. ಕಪ್ಪಗೆ, ಜಿಡ್ಡಾಗಿ, ಬೆರಳಿಗೆ ಅಂಟುವಂಥದ್ದು ಬಂದರೆ ಅದು ಅರೆಸುಟ್ಟ ಹೊಗೆಯ ಗುರುತು. ಈ ಪರೀಕ್ಷೆ ಪಿಎಎಚ್ ಎಷ್ಟಿದೆ ಎಂದು ಅಳೆಯುವುದಿಲ್ಲ. ಹೊಗೆ ಮನೆಯಲ್ಲಿ ಎಲ್ಲೆಲ್ಲಿ ಓಡಾಡುತ್ತದೆ ಎಂಬುದನ್ನು ಮಾತ್ರ ತೋರಿಸುತ್ತದೆ, ಅಷ್ಟು ಸಾಕು.

ನಾನು ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಇದನ್ನು ಮಾಡಿದಾಗ ಅಡುಗೆಮನೆಯ ಚೂರು ಕಪ್ಪಾದದ್ದು ಆಶ್ಚರ್ಯವೆನಿಸಲಿಲ್ಲ. ಎದೆ ಧಸಕ್ಕೆಂದದ್ದು ತೊಟ್ಟಿಲು ಕಟ್ಟುವ ತೊಲೆಯಿಂದ ಬಂದ ಚೂರನ್ನು ಕಂಡು. ಅದು ಒಲೆಯಿಂದ ಎರಡು ಕೋಣೆ ಆಚೆಗಿತ್ತು. ಅದರ ಕಪ್ಪು ಬೇರೆಯದೇ ಆಗಿತ್ತು, ಸೋಪಿಗೂ ಬಿಡದಂಥ ಡಾಂಬರಿನ ಜಿಡ್ಡು. ಹುಡುಕಿದರೆ ಮೂಲ ಬಚ್ಚಲ ಒಲೆ.

ಇನ್ನೊಂದು ಪರೀಕ್ಷೆ ಉರಿಗೆ. ಬೆಳಗಿದ ಸ್ಟೀಲ್ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಉರಿಯ ತುದಿಗೆ ಒಂದು ನಿಮಿಷ ಒಡ್ಡಿ. ಅಡುಗೆ ಅನಿಲದ ನೀಲಿ ಉರಿ ತಟ್ಟೆಯನ್ನು ಮಾಸಿಸುವುದಿಲ್ಲ. ಮಾಸಿಸಿದರೆ ಬರ್ನರಿನ ತೂತು ಕಟ್ಟಿದೆ ಎಂದು ಅರ್ಥ, ಸೂಜಿಯಿಂದ ಬಿಡಿಸಿ. ಕಟ್ಟಿಗೆಯ ಉರಿಯಲ್ಲಿ ತಟ್ಟೆ ಎಷ್ಟು ಬೇಗ ಕಪ್ಪಾಯಿತು ಎಂಬುದನ್ನು ನೆನಪಿಡಿ, ಮುಂದಿನ ಹೆಜ್ಜೆಗಳ ನಂತರ ಹೋಲಿಸಬೇಕು.

ಹೆಜ್ಜೆ 2: ಬಚ್ಚಲ ಒಲೆಯಿಂದ ಶುರು ಮಾಡಿ

ಎಲ್ಲರೂ ಅಡುಗೆಮನೆಯಿಂದ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅನಿಲ ಸಿಲಿಂಡರು ಅಡುಗೆಮನೆಗೆ ಬಂದಿದೆ, ಬಚ್ಚಲಿಗೆ ಬಂದಿಲ್ಲ. ಹಂಡೆಯ ಕೆಳಗಿನ ಒಲೆ ಮನೆಯ ಕಸದ ಬುಟ್ಟಿಯಾಗಿಬಿಟ್ಟಿದೆ. ಹಾಲಿನ ಪ್ಯಾಕೆಟ್ಟು, ಹರಿದ ಚಪ್ಪಲಿ, ಗೊಬ್ಬರದ ಚೀಲದ ಚೂರು, ಬೇಗ ಹೊತ್ತಲಿ ಎಂದು ಸೈಕಲ್ ಟಯರಿನ ತುಂಡು, ಎಲ್ಲವೂ ಅದರ ಬಾಯಿಗೆ ಹೋಗುತ್ತವೆ.

ಟಯರನ್ನು ಮೊದಲು ನಿಲ್ಲಿಸಿ. ರಬ್ಬರನ್ನು ಮೆತ್ತಗೆ ಮಾಡಲು ಬೆರೆಸುವ ಎಣ್ಣೆಯಲ್ಲಿಯೇ ಪಿಎಎಚ್ ಇರಬಹುದು. ಯುರೋಪಿನಲ್ಲಿ 2010ರಿಂದ ಹೊಸ ಟಯರುಗಳಿಗೆ ಅಂಥ ಎಣ್ಣೆ ಬಳಸುವುದಕ್ಕೆ ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಸುಟ್ಟಾಗ ಇದ್ದದ್ದು ಹೊರಬರುವುದಲ್ಲದೆ ಹೊಸದೂ ಹುಟ್ಟುತ್ತದೆ. ಪಾಲಿಸ್ಟೈರೀನ್ ಲೋಟ, ಥರ್ಮೋಕೋಲ್‌ಗಳಲ್ಲಿ ಬೆಂಜೀನ್ ಉಂಗುರ ಮೊದಲೇ ಸಿದ್ಧವಾಗಿರುತ್ತದೆ, ಹೆಣೆದುಕೊಳ್ಳುವುದಷ್ಟೇ ಬಾಕಿ. ಪಿವಿಸಿ ಸುಟ್ಟರೆ ಆಮ್ಲದ ಆವಿಯೂ ಡಯಾಕ್ಸಿನ್‌ಗಳೂ ಬೋನಸ್ಸಿನಂತೆ ಸೇರುತ್ತವೆ. ಬಣ್ಣ ಬಳಿದ ಬಾಗಿಲ ಚೌಕಟ್ಟು, ಪ್ಲೈವುಡ್ ಕೂಡ ಬೇಡ.

ಒಲೆ ಹೊತ್ತಿಸಲು ತೆಂಗಿನ ಗರಿ, ಒಣ ಜೋಳದ ದಂಟು, ಮೆಕ್ಕೆಜೋಳದ ಬೆಂಡು ಸಾಕು. ವರ್ಷದ ಬಹುಕಾಲ ಬಿಸಿಲು ಸುಡುವ ನಮ್ಮ ಜಿಲ್ಲೆಗಳಲ್ಲಿ ಸೌರ ಜಲತಾಪಕಕ್ಕಿಂತ ಒಳ್ಳೆಯ ಹಂಡೆಯಿಲ್ಲ. ಅಷ್ಟು ಹಣವಿಲ್ಲದವರು ಕಪ್ಪು ಬಣ್ಣ ಬಳಿದ ತಗಡಿನ ಡ್ರಮ್ಮನ್ನು ಮಾಳಿಗೆಯ ಮೇಲೆ ಇಟ್ಟರೂ ಸಂಜೆಯ ಸ್ನಾನಕ್ಕೆ ನೀರು ಬಿಸಿಯಾಗಿರುತ್ತದೆ.

ಹೆಜ್ಜೆ 3: ಕಟ್ಟಿಗೆ ಒಣಗಿಸುವುದು, ಉರಿ ಮಾಡುವುದು

ಆಗ ತಾನೇ ಕಡಿದ ಜಾಲಿಯ ತೂಕದಲ್ಲಿ ಸುಮಾರು ಅರ್ಧ ನೀರೇ. ಆ ನೀರು ಆವಿಯಾಗಲು ಒಲೆಯ ಶಾಖವನ್ನು ಕುಡಿಯುತ್ತದೆ, ಉರಿ ತಣ್ಣಗಾಗುತ್ತದೆ, ತಣ್ಣನೆಯ ಉರಿ ಹೊಗೆಯುತ್ತದೆ. ತೇವಾಂಶ ಶೇಕಡ 20ಕ್ಕಿಂತ ಕೆಳಗೆ ಇಳಿದ ಕಟ್ಟಿಗೆಯನ್ನೇ ಒಲೆಗೆ ಹಾಕಬೇಕು. ಅಳೆಯುವ ಯಂತ್ರ ಬೇಕಿಲ್ಲ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯಿರಿ. ಹಸಿಯದು ದೊಪ್ ಎನ್ನುತ್ತದೆ, ಒಣಗಿದ್ದು ಟಣ್ ಎನ್ನುತ್ತದೆ. ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು, ತೊಗಟೆ ಉಗುರಿಗೆ ಏಳಬೇಕು. ಸೀಳಿ, ನೆಲದಿಂದ ಒಂದು ಗೇಣು ಮೇಲೆ ಕಲ್ಲಿನ ಮೇಲೆ ಒಟ್ಟಿ, ಮೇಲೆ ಮಾತ್ರ ತಗಡು ಹೊದಿಸಿ. ಬದಿಗಳನ್ನು ಮುಚ್ಚಬೇಡಿ, ಗಾಳಿಯಾಡಬೇಕು. ಬೇಸಿಗೆಯಲ್ಲಿ ಒಟ್ಟಿದ್ದು ಮಳೆಗಾಲಕ್ಕೆ ತಯಾರು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಬೇಗ ಒಣಗುತ್ತವೆ, ಆದರೆ ಮಳೆಯಲ್ಲಿ ಅಷ್ಟೇ ಬೇಗ ನೆನೆಯುತ್ತವೆ.

ಒಲೆಯ ತಳದಲ್ಲಿ ಕಬ್ಬಿಣದ ಸರಳುಗಳ ಜಾಳಿಗೆ ಇಟ್ಟರೆ ಗಾಳಿ ಕೆಳಗಿನಿಂದ ಬರುತ್ತದೆ. ಇದೊಂದೇ ಬದಲಾವಣೆ ಉರಿಯ ಗುಣವನ್ನೇ ಬದಲಿಸುತ್ತದೆ. ಒಲೆಯ ಬಾಯಿಗೆ ಕಟ್ಟಿಗೆ ತುರುಕಬೇಡಿ, ಹೆಬ್ಬೆರಳು ದಪ್ಪದ ಮೂರು ನಾಲ್ಕು ಸೀಳುಗಳ ತುದಿ ಮಾತ್ರ ಉರಿಯುತ್ತಿರಲಿ, ಸುಟ್ಟಷ್ಟು ಮುಂದಕ್ಕೆ ತಳ್ಳುತ್ತ ಹೋಗಿ. ಊದುಗೊಳವೆಯಿಂದ ಊದುವುದು ಉರಿ ಸತ್ತಿದೆ ಎಂಬುದರ ಸೂಚನೆ, ಊದುವವರ ಮುಖವೂ ಹೊಗೆಯ ದಾರಿಯಲ್ಲೇ ಇರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಮೂರು ಪಾತ್ರೆ ಕೂರುವ, ಜಾಳಿಗೆಯೂ ಚಿಮಣಿಯೂ ಇರುವ ಒಲೆ. ಅದು ಅನೇಕ ಊರುಗಳಿಗೆ ಬಂದು ಅಷ್ಟೇ ಊರುಗಳಲ್ಲಿ ಮೂಲೆ ಸೇರಿತು. ನಾನು ಕಂಡ ಮನೆಗಳಲ್ಲಿ ಚಿಮಣಿ ಗುಡಿಸದಿರುವುದೇ ಅದಕ್ಕೆ ಕಾರಣವಾಗಿತ್ತು. ಚಿಮಣಿ ಮಾಳಿಗೆಯಿಂದ ಕನಿಷ್ಠ ಎರಡು ಮೂರು ಅಡಿ ಮೇಲೇರಿರಲಿ, ತಿಂಗಳಿಗೊಮ್ಮೆ ಗುಡಿಸಿ. ಗುಡಿಸುವಾಗ ಪರ್ಸಿವಲ್ ಪಾಟ್‌ನ ಹುಡುಗರನ್ನು ನೆನೆಯಿರಿ: ತುಂಬು ತೋಳಿನ ಅಂಗಿ, ಮೂಗಿಗೆ ಎನ್95 ಮುಖಗವಸು, ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ, ಬಟ್ಟೆ ಬೇರೆಯಾಗಿ ಒಗೆತ. ಪಿಎಎಚ್ ಚರ್ಮದ ಜಿಡ್ಡಿನಲ್ಲಿ ಕರಗಿ ಒಳಗೆ ಇಳಿಯುತ್ತದೆ, ಬರಿಯ ನೀರಿಗೆ ಹೋಗುವುದಿಲ್ಲ. ಮಕ್ಕಳಿಂದ ಈ ಕೆಲಸ ಮಾಡಿಸಲೇಬೇಡಿ.

ಹೆಜ್ಜೆ 4: ಕೆಂಡದ ಅಡುಗೆ

ಇಲ್ಲಿ ಹೆದರಿಸುವವರು ಬಹಳ. ಬದನೆಕಾಯಿ ಸುಡಬೇಡಿ, ರೊಟ್ಟಿಯನ್ನು ಕೆಂಡಕ್ಕೆ ಒಡ್ಡಬೇಡಿ ಎನ್ನುತ್ತಾರೆ. ಸ್ವಲ್ಪ ನಿಧಾನಿಸೋಣ. ಸುಟ್ಟ ಆಹಾರದಲ್ಲಿ ಪಿಎಎಚ್ ಮುಖ್ಯವಾಗಿ ಎರಡು ದಾರಿಯಿಂದ ಬರುತ್ತದೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಹೊಗೆಯಾಗಿ ಮೇಲೇರಿ ಅಂಟುವುದು ಒಂದು, ಹೊಗೆಯುವ ಇಂಧನದಿಂದ ನೇರವಾಗಿ ಅಂಟುವುದು ಇನ್ನೊಂದು. ಜೋಳದ ರೊಟ್ಟಿಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಹಂಚಿನಿಂದ ತೆಗೆದು ಕೆಂಡಕ್ಕೆ ಒಡ್ಡುವುದು ಕೆಲವೇ ಕ್ಷಣ. ಕೆಂಡ ನಿಗಿನಿಗಿ ಇದ್ದು ಹೊಗೆ ಇಲ್ಲದಿದ್ದರೆ ರೊಟ್ಟಿ ಉಬ್ಬಲಿ ಬಿಡಿ. ಕಪ್ಪಾದ ಅಂಚನ್ನು ಮಾತ್ರ ಮುರಿದು ಹಾಕಿ.

ಸೀತನಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದನ್ನು ಬಿಡಿ ಎಂದರೆ ವಿಜಯಪುರದವರು ನನ್ನನ್ನು ಬಿಡುವುದಿಲ್ಲ. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಕಂಬಳಿಯಲ್ಲಿ ಹಾಕಿ ಉಜ್ಜಿ, ಕೇರಿ, ಬಿಸಿಬಿಸಿಯಾಗಿ ಬಾಯಿಗೆ ಹಾಕಿಕೊಳ್ಳುವ ಸುಖಕ್ಕೆ ಬದಲಿಯಿಲ್ಲ. ಅದನ್ನು ಚೊಕ್ಕವಾಗಿ ಮಾಡುವ ರೀತಿ ಹೀಗಿದೆ. ಮೊಣಕಾಲುದ್ದದ ಕುಣಿ ತೋಡಿ. ಪೂರ್ತಿ ಒಣಗಿದ ಕುಳ್ಳನ್ನು ನಡುವೆ ಸಂದು ಬಿಟ್ಟು ಒಟ್ಟಿ. ಸೀಮೆಎಣ್ಣೆ, ಡೀಸೆಲ್ ಸುರಿಯಬೇಡಿ, ಒಣ ಹುಲ್ಲಿನಿಂದ ಹೊತ್ತಿಸಿ. ಇಲ್ಲಿ ಎಲ್ಲರೂ ತಪ್ಪುವ ಜಾಗ ಒಂದಿದೆ: ಹಸಿವಿನ ಅವಸರಕ್ಕೆ ಹೊಗೆ ಬರುತ್ತಿರುವಾಗಲೇ ತೆನೆ ಇಡುತ್ತಾರೆ. ಹೊಗೆ ನಿಂತು, ಕುಳ್ಳು ಒಳಗೆ ಕೆಂಪಾಗಿ ಮೇಲೆ ಬಿಳಿ ಬೂದಿ ಕಟ್ಟುವ ತನಕ ಕಾಯಬೇಕು. ಆಮೇಲೆ ತೆನೆಗಳನ್ನು ಬೂದಿಯ ಅಂಚಿಗೆ ಒತ್ತಿ, ಹೊರಳಿಸುತ್ತ ಸುಡಿ. ಕಾಳಿನ ಹೊರ ಹೊಟ್ಟು ಹೊಗೆಯನ್ನು ತಡೆಯುವ ಕವಚ, ಉಜ್ಜಿ ಕೇರುವಾಗ ಮಸಿಯೂ ಅದರೊಂದಿಗೆ ಹಾರಿಹೋಗುತ್ತದೆ. ಇನ್ನೂ ಕಪ್ಪಗಿರುವ ಕಾಳನ್ನು ಆರಿಸಿ ಚೆಲ್ಲಿ. ಬದನೆಕಾಯಿಗೂ ಇದೇ ನ್ಯಾಯ, ಸಿಪ್ಪೆಯೇ ಕವಚ. ಸಿಪ್ಪೆ ಸುಲಿದ ಮೇಲೆ ಅದಕ್ಕೆ ಅಂಟಿದ ಕರಿಯನ್ನು ರುಚಿಗೆಂದು ಬೆರೆಸಬೇಡಿ.

ಮಾಂಸಕ್ಕೆ ಹೆಚ್ಚು ಎಚ್ಚರ ಬೇಕು. ಕೊಬ್ಬನ್ನು ಮೊದಲೇ ಕತ್ತರಿಸಿ, ಅರ್ಧ ಬೇಯಿಸಿ ನಂತರ ಸುಡಿ, ಕೆಂಡವನ್ನು ಬದಿಗೆ ಸರಿಸಿ ಕೊಬ್ಬು ತೊಟ್ಟಿಕ್ಕದ ಹಾಗೆ ನೋಡಿಕೊಳ್ಳಿ. ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗ 2009ರಲ್ಲಿ ಹೊಗೆಯಾಡಿಸುವ ಮತ್ತು ನೇರವಾಗಿ ಒಣಗಿಸುವ ಆಹಾರಗಳಿಗೆ ಕೊಟ್ಟ ಮಾರ್ಗಸೂಚಿಯ ಸಾರವೂ ಇದೇ: ಇಂಧನ ಆರಿಸಿ, ಶಾಖ ಹಿಡಿತದಲ್ಲಿಡಿ, ಆಹಾರಕ್ಕೂ ಬೆಂಕಿಗೂ ದೂರ ಇಡಿ.

ಒಗ್ಗರಣೆಯ ಎಣ್ಣೆ ಹೊಗೆಯಾಡುವಷ್ಟು ಕಾಯಬಾರದು. ಬಜ್ಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಹಿಡಿದ ಕಾಡಿಗೆಯೂ ಮಸಿಯೇ. ಅಜ್ಜಿಯ ಪ್ರೀತಿಯನ್ನು ಅನುಮಾನಿಸುವುದಿಲ್ಲ, ಆದರೆ ಅದನ್ನು ಕೂಸಿನ ಕಣ್ಣಿಗೆ ಹಚ್ಚಬೇಡಿ.

ಹೆಜ್ಜೆ 5: ರವದಿಗೆ ಬೆಂಕಿ ಇಡದಿರುವುದು

ಒಂದು ಹೆಕ್ಟೇರ್ ಕಬ್ಬು ಕಡಿದ ಮೇಲೆ ಎಂಟರಿಂದ ಹತ್ತು ಟನ್ ರವದಿ ಉಳಿಯುತ್ತದೆ. ಬೆಂಕಿ ಇಟ್ಟರೆ ಒಂದು ತಾಸಿನಲ್ಲಿ ಹೊಲ ಬೋಳು. ರೈತ ಸೋಮಾರಿತನದಿಂದ ಇದನ್ನು ಮಾಡುತ್ತಾನೆ ಎನ್ನುವವರ ಮಾತು ನನಗೆ ಸಹಿಸುವುದಿಲ್ಲ. ಕುಳೆ (ಕಡಿದ ಬುಡದಿಂದ ಬರುವ ಮರುಬೆಳೆ) ಬೇಗ ಚಿಗುರಬೇಕು, ನೀರು ಸರಾಗ ಹರಿಯಬೇಕು, ಆಳು ಸಿಗುವುದಿಲ್ಲ, ರವದಿಯ ಕರಗಸದಂಥ ಅಂಚು ಕೈಕಾಲು ಕೊಯ್ಯುತ್ತದೆ. ಆದರೂ ಹೇಳಬೇಕು: ತೆರೆದ ಹೊಲದ ಬೆಂಕಿಯ ಅಂಚಿನಲ್ಲಿ, ಹಸಿ ಎಲೆ ಹೊಗೆಯುವ ಜಾಗದಲ್ಲಿ, ಪಿಎಎಚ್ ಹುಟ್ಟಲು ಬೇಕಾದ ಎಲ್ಲವೂ ಇದೆ. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ತಣ್ಣನೆಯ ಗಾಳಿ ಮುಚ್ಚಳದಂತೆ ಕೂತು ಆ ಹೊಗೆಯನ್ನು ಊರ ಮೇಲೆಯೇ ಹಿಡಿದಿಡುತ್ತದೆ. ನಮ್ಮ ದೇಶದ 2009ರ ವಾಯು ಗುಣಮಟ್ಟದ ಮಾನದಂಡದಲ್ಲಿ ಬೆಂಜೋ-ಎ-ಪೈರೀನ್‌ಗೆ ಇಟ್ಟ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಗೆ 1 ನ್ಯಾನೋಗ್ರಾಂ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು!

ಮಾಡಬೇಕಾದದ್ದು ಹೀಗೆ. ಕಬ್ಬನ್ನು ನೆಲಕ್ಕೆ ಹತ್ತಿ ಕಡಿಸಿ, ಬುಡ ಉಳಿದಿದ್ದರೆ ಕೊಡಲಿ ಹೊಡೆದು ಮಟ್ಟ ಮಾಡಿ. ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಸರಿಸಿ, ನೀರು ಹಾಯುವ ಸಾಲು ತೆರೆದಿರಲಿ. ಟ್ರ್ಯಾಕ್ಟರಿನ ರವದಿ ಕತ್ತರಿಸುವ ಯಂತ್ರ ಬಾಡಿಗೆಗೆ ಸಿಕ್ಕರೆ ಚೂರು ಮಾಡಿಸಿ, ಚೂರಾದದ್ದು ಬೇಗ ಕೊಳೆಯುತ್ತದೆ. ಅದರ ಮೇಲೆ ಒಂದು ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, ಸಗಣಿ ನೀರಿನಲ್ಲಿ ಕಲಸಿದ 1 ಕಿಲೋ ಕೊಳೆಸುವ ಸೂಕ್ಷ್ಮಾಣು ಎರಚಿ ನೀರು ಬಿಡಿ. ಯೂರಿಯಾ ಯಾಕೆ ಎಂದು ಕೇಳಬಹುದು. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಕೊಳೆಸುವ ಜೀವಿಗಳಿಗೆ ಹೊರಗಿನಿಂದ ಸಾರಜನಕ ಕೊಡದಿದ್ದರೆ ಅವು ಮಣ್ಣಿನದನ್ನು ಕಸಿಯುತ್ತವೆ, ಕುಳೆ ಹಳದಿಯಾಗುತ್ತದೆ. ಮೊದಲ ವರ್ಷ ಅರ್ಧ ಎಕರೆಯಲ್ಲಿ ಮಾತ್ರ ಮಾಡಿ ನೋಡಿ. ತಗ್ಗಿದ ಕಳೆ, ಎರಡು ನೀರಿನ ನಡುವೆ ಹೆಚ್ಚು ದಿನ ಉಳಿಯುವ ತೇವ, ಇವೇ ನಿಮ್ಮನ್ನು ಒಪ್ಪಿಸುತ್ತವೆ. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ ಕಬ್ಬಿನ ಮೇಲೆಯೇ ಕೆಲಸ ಮಾಡುತ್ತದೆ, ನಿಮ್ಮ ಮಣ್ಣಿಗೆ ತಕ್ಕ ಲೆಕ್ಕವನ್ನು ಅಲ್ಲಿ ಕೇಳಬಹುದು. ಒಣ ರವದಿ ಬೀಡಿಯ ಕಿಡಿಗೂ ಹೊತ್ತುತ್ತದೆ, ಬದುವಿನಗುಂಟ ನಾಲ್ಕಡಿ ಅಗಲ ಬರಿದು ಮಾಡಿ ಇಡಿ.

ಹೆಜ್ಜೆ 6: ಬೆಲ್ಲದ ಗಾಣ

ಮಹಾಲಿಂಗಪುರದ ಬೆಲ್ಲದ ಹೆಸರು ದೊಡ್ಡದು, ಆ ಹೆಸರಿಗೆ ಹೊಗೆಯ ಕಲೆ ಬರಬಾರದು. ಕೆಲವು ವರ್ಷಗಳ ಹಿಂದೆ ಒಂದು ಗಾಣದ ಚಿಮಣಿಯಿಂದ ಎಣ್ಣೆಗಪ್ಪು ಹೊಗೆ ಬರುವುದನ್ನು ಕಂಡು ಒಳಗೆ ಹೋದೆ. ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಹಸಿಯಿತ್ತು, ಉರಿ ಏಳುತ್ತಿರಲಿಲ್ಲ, ಹಳೆಯ ಟಯರು ಹಾಕುತ್ತಿದ್ದರು. ಒಲೆಯ ಮುಂದೆ ಕೂತ ಹುಡುಗನ ಕಣ್ಣು ಕೆಂಡದಂತೆ ಕೆಂಪಾಗಿತ್ತು, ಮೂಗಿನ ಹೊಳ್ಳೆಗಳು ಕರ್ರಗಿದ್ದವು. ಟಯರು ಹಾಕುವುದು ದುಷ್ಟತನಕ್ಕಿಂತ ಹೆಚ್ಚಾಗಿ ಹಸಿ ಸಿಪ್ಪೆಯ ಕಾರಣಕ್ಕೆ ಎಂದು ಅಂದೇ ನನಗೆ ಮನವರಿಕೆಯಾಯಿತು. ಹಾಗಾಗಿ ಗಾಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ಕೊಪ್ಪರಿಗೆಯಲ್ಲ, ಸಿಪ್ಪೆ ಒಣಹಾಕುವ ಬಯಲು.

ಗಾಣದಿಂದ ಹೊರಬರುವ ಸಿಪ್ಪೆಯಲ್ಲಿ ಅರ್ಧದಷ್ಟು ತೇವವಿರುತ್ತದೆ. ಗೇಣುದ್ದಕ್ಕಿಂತ ದಪ್ಪವಿಲ್ಲದಂತೆ ಹರವಿ, ದಿನಕ್ಕೆರಡು ಸಲ ತಿರುವಿ, ಮುರಿದರೆ ಚಟ್ಟೆನ್ನುವ ತನಕ ಒಣಗಿಸಿ. ಮೋಡದ ದಿನಕ್ಕೆಂದು ಒಂದು ವಾರದ ಒಣ ಸಿಪ್ಪೆ ಛಾವಣಿಯ ಕೆಳಗೆ ಯಾವಾಗಲೂ ಇರಲಿ. ಒಲೆಗೆ ಹಾಕುವಾಗ ಒಮ್ಮೆಲೇ ಹೊರೆ ತುರುಕಿ ಹತ್ತು ನಿಮಿಷ ಸುಮ್ಮನಿರುವುದು ಬೇಡ. ಹಾಗೆ ಮಾಡಿದಾಗ ಮೊದಲು ಗಾಳಿಯಿಲ್ಲದೆ ಹೊಗೆಯುತ್ತದೆ, ಆಮೇಲೆ ಇಂಧನವಿಲ್ಲದೆ ತಣ್ಣಗಾಗುತ್ತದೆ. ಹಿಡಿಹಿಡಿಯಾಗಿ, ಬಿಡದೆ ಹಾಕಬೇಕು. ಒಲೆಯ ತಳಕ್ಕೆ ಜಾಳಿಗೆ, ಬೂದಿ ತೆಗೆಯಲು ಬೇರೆ ಬಾಯಿ, ಎತ್ತರದ ಚಿಮಣಿ ಇದ್ದರೆ ಸಿಪ್ಪೆಯೂ ಉಳಿಯುತ್ತದೆ. ಉಳಿದ ಸಿಪ್ಪೆ ಮಾರಿದರೆ ಹಣ ಬರುತ್ತದೆ ಎಂಬ ಮಾತು ಕ್ಯಾನ್ಸರಿನ ಮಾತಿಗಿಂತ ಬೇಗ ಗಾಣದ ಯಜಮಾನರ ಕಿವಿಗೆ ಬಿದ್ದದ್ದನ್ನು ನಾನು ಕಂಡಿದ್ದೇನೆ, ಅದನ್ನೇ ಮೊದಲು ಹೇಳಿ. ಒಲೆಯ ಬಾಯಿ ಮತ್ತು ಕೊಪ್ಪರಿಗೆಯ ನಡುವೆ ಗೋಡೆಯಿದ್ದರೆ ಹೊಗೆ ಬೆಲ್ಲದ ಮೇಲೆ ಕೂರುವುದಿಲ್ಲ. ಒಲೆ ಉರಿಸುವವರನ್ನು ಎರಡು ತಾಸಿಗೊಮ್ಮೆ ಬದಲಿಸಿ.

ಹೆಜ್ಜೆ 7: ಎರಕದ ಕೆಲಸದವರಿಗೆ

ಬೆಳಗಾವಿಯ ಉದ್ಯಮಬಾಗದ ಕಡೆ ಎರಕದ ಕಾರ್ಖಾನೆಗಳು ಬಹಳ. ಅಚ್ಚಿನ ಮರಳಿಗೆ ಕಲ್ಲಿದ್ದಲಿನ ಪುಡಿ ಬೆರೆಸುವ ಪದ್ಧತಿಯಿದೆ. ಕರಗಿದ ಕಬ್ಬಿಣ ಸುರಿದಾಗ ಆ ಪುಡಿ ಗಾಳಿಯಿಲ್ಲದೆ ಬೆಂದು ಪಿಎಎಚ್ ಉಗುಳುತ್ತದೆ. ಕಬ್ಬಿಣ, ಉಕ್ಕಿನ ಎರಕದ ಕೆಲಸವನ್ನೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲಿ ಇರಿಸಿದೆ. ಲೋಹ ಸುರಿಯುವ ಜಾಗದಲ್ಲಿ ಮತ್ತು ಅಚ್ಚು ಒಡೆಯುವ ಜಾಗದಲ್ಲಿ ಹೊಗೆ ಹೀರುವ ವ್ಯವಸ್ಥೆ ಇರಬೇಕೆಂದು ಕೇಳುವುದು ನಿಮ್ಮ ಹಕ್ಕು. ಕೆಲಸದ ಬಟ್ಟೆ ಮನೆಗೆ ತರಬೇಡಿ. ಊಟಕ್ಕೂ ಬೀಡಿಗೂ ಮೊದಲು ಕೈಯನ್ನು ಮೊಣಕೈವರೆಗೆ ಸೋಪಿನಿಂದ ತೊಳೆಯಿರಿ. ಬೀಡಿ ಬಿಟ್ಟರೆ ಇನ್ನೂ ಒಳ್ಳೆಯದು: ನಿಪ್ಪಾಣಿಯ ತಂಬಾಕಾದರೂ ಸರಿ, ಎಲ್ಲಿಯದಾದರೂ ಸರಿ, ಅದರ ಹೊಗೆಯಲ್ಲಿ ಬೆಂಜೋ-ಎ-ಪೈರೀನ್ ಇದೆ. ದೇಹಕ್ಕೆ ಎಷ್ಟು ಹೋಗಿದೆ ಎಂದು ತಿಳಿಯಲು ಕೆಲಸದ ಪಾಳಿ ಮುಗಿದಾಗ ಮೂತ್ರದಲ್ಲಿ 1-ಹೈಡ್ರಾಕ್ಸಿಪೈರೀನ್ ಅಳೆಯುವ ಪರೀಕ್ಷೆಯಿದೆ.

ಹೆಜ್ಜೆ 8: ಡಾಂಬರಿನ ಹೆಸರಿನ ಎರಡು ವಸ್ತು

ನಮ್ಮ ಕಡೆ ನಾಫ್ತಲೀನ್ ಗುಳಿಗೆಗೆ ಡಾಂಬರು ಗುಳಿಗೆ ಎಂದೇ ಹೆಸರು. ಎಷ್ಟು ಸರಿಯಾದ ಹೆಸರು! ಅದು ಮೊದಲು ಸಿಕ್ಕಿದ್ದೇ ಕಲ್ಲಿದ್ದಲಿನ ಡಾಂಬರಿನಿಂದ. ಕೋಣೆಯ ಶಾಖದಲ್ಲೇ ಘನದಿಂದ ನೇರ ಆವಿಯಾಗುವುದರಿಂದ ಗುಳಿಗೆ ದಿನೇ ದಿನೇ ಸವೆಯುತ್ತದೆ, ಸವೆದದ್ದು ನಮ್ಮ ಉಸಿರಿಗೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಿಗೆ, ಈ ಗುಳಿಗೆಯೊಂದಿಗೆ ಇಟ್ಟ ಬಟ್ಟೆ, ಹೊದಿಕೆಗಳಿಂದ ಕೆಂಪು ರಕ್ತಕಣ ಒಡೆದು ತೀವ್ರ ಕಾಮಾಲೆ ಆಗಬಹುದು. ಬಾಣಂತಿಗೆಂದು ಟ್ರಂಕಿನಿಂದ ತೆಗೆದ ಹಳೆಯ ಇಳಕಲ್ಲ ಸೀರೆಯನ್ನು ಮಡಚಿ ಕೂಸಿನ ಕೆಳಗೆ ಹಾಸುವ ರೂಢಿ ನಮ್ಮಲ್ಲಿದೆ. ಒಗೆದು, ಎರಡು ಮೂರು ದಿನ ಗಾಳಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಹಾಸಿ. ಟ್ರಂಕಿಗೆ ಒಣ ಬೇವಿನ ಎಲೆ ಸಾಕು, ವರ್ಷಕ್ಕೆರಡು ಸಲ ಸೀರೆಯ ಮಡಿಕೆ ಬದಲಿಸಿ ಗಾಳಿಗೆ ಹಾಕುವುದು ಇನ್ನೂ ಮುಖ್ಯ.

ರಸ್ತೆಯ ಡಾಂಬರು ಈಗ ಬಹುಪಾಲು ಪೆಟ್ರೋಲಿಯಂನ ಬಿಟುಮಿನ್. ಅದರಲ್ಲಿ ಪಿಎಎಚ್ ಕಲ್ಲಿದ್ದಲಿನ ಡಾಂಬರಿಗಿಂತ ಬಹಳ ಕಡಿಮೆ. ಹಾಗೆಂದು ರಸ್ತೆಯ ಮೇಲೆ ಬೆಳೆ ಒಕ್ಕಿ ರಾಶಿ ಮಾಡಬಹುದು ಎಂದಲ್ಲ. ಟಯರಿನ ಪುಡಿ, ಡೀಸೆಲ್ ಮಸಿ, ಎಂಜಿನ್ ಎಣ್ಣೆಯ ಹನಿ ಎಲ್ಲ ಅಲ್ಲಿದೆ. ತೊಗರಿ, ಜೋಳಕ್ಕಿಂತ ಸೂರ್ಯಕಾಂತಿ, ಕುಸುಬೆಯ ವಿಷಯದಲ್ಲಿ ಹೆಚ್ಚು ಚಿಂತೆ, ಏಕೆಂದರೆ ಪಿಎಎಚ್ ಎಣ್ಣೆಯಲ್ಲಿ ಕರಗುತ್ತದೆ. ಸಗಣಿ ಸಾರಿಸಿದ ಕಣ, ಇಲ್ಲವೇ ತಾಡಪಾಲು.

ಹೆಜ್ಜೆ 9: ಪ್ರಯೋಗಾಲಯಕ್ಕೆ ಕಳಿಸುವಾಗ

ಎಣ್ಣೆ, ಬೆಲ್ಲ ಮಾರುವವರಿಗೆ ಮಾತ್ರ ಇದು ಬೇಕಾದೀತು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಮೊದಲೇ ವಿಚಾರಿಸಿ. ಮಾದರಿಯನ್ನು ಕಂದು ಗಾಜಿನ ಬಾಟಲಿಯಲ್ಲಿ ಹಾಕಿ, ಮುಚ್ಚಳದ ಒಳಗೆ ಅಲ್ಯೂಮಿನಿಯಂ ಹಾಳೆ ಇಡಿ. ಪ್ಲಾಸ್ಟಿಕ್ ಬೇಡ, ಪಿಎಎಚ್ ಅದಕ್ಕೆ ಅಂಟಿಕೊಂಡು ವರದಿಯಲ್ಲಿ ಕಡಿಮೆ ಕಾಣಿಸುತ್ತದೆ. ಬೆಳಕಿಗೂ ಅವು ಒಡೆಯುತ್ತವೆ, ಆದ್ದರಿಂದ ಕತ್ತಲಲ್ಲಿ, ತಣ್ಣಗೆ ಸಾಗಿಸಿ. ಬೆಂಜೋ-ಎ-ಪೈರೀನ್ ಒಂದನ್ನೇ ಕೇಳಬೇಡಿ. ಅದರ ಜೊತೆ ಬೆಂಜ್-ಎ-ಆಂಥ್ರಸೀನ್, ಬೆಂಜೋ-ಬಿ-ಫ್ಲೋರಾಂಥೀನ್, ಕ್ರೈಸೀನ್ ಸೇರಿದ ನಾಲ್ಕರ ಮೊತ್ತವನ್ನೂ ಕೇಳಿ. ಯುರೋಪಿನ ನಿಯಮದಲ್ಲಿ ಖಾದ್ಯ ತೈಲಕ್ಕೆ ಬೆಂಜೋ-ಎ-ಪೈರೀನ್ ಮಿತಿ ಕಿಲೋಗೆ 2 ಮೈಕ್ರೋಗ್ರಾಂ, ನಾಲ್ಕರ ಮೊತ್ತಕ್ಕೆ 10. ವರದಿಯಲ್ಲಿ "ಪತ್ತೆಯಾಗಿಲ್ಲ" ಎಂದಿದ್ದರೆ ಯಂತ್ರ ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲದು ಎಂಬ ಅಂಕಿಯನ್ನು ನೋಡಿ. ಆ ಅಂಕಿಯೇ 5 ಇದ್ದರೆ 2ರ ಮಿತಿಯೊಳಗೆ ಇದ್ದೀರೋ ಇಲ್ಲವೋ ಆ ವರದಿಯಿಂದ ತಿಳಿಯುವುದಿಲ್ಲ.

ಹೆಜ್ಜೆ 10: ಮತ್ತೆ ಬಿಳಿ ಬಟ್ಟೆ

ಮೊದಲ ದಿನ ಒರೆಸಿದ ಜಾಗಗಳನ್ನು ಸೋಪಿನ ನೀರಿನಿಂದ ತೊಳೆದು, ಸುಣ್ಣ ಬಳಿದು, ಪ್ರತಿ ಜಾಗಕ್ಕೂ ಒಂದು ಮೊಳೆ ಹೊಡೆದು ಹೊಸ ಬಿಳಿ ಚೂರು ನೇತುಹಾಕಿ. ಮೂವತ್ತು ದಿನ ಮುಟ್ಟಬೇಡಿ. ಆಮೇಲೆ ಹಳೆಯ ಚೂರುಗಳ ಪಕ್ಕದಲ್ಲಿಟ್ಟು ನೋಡಿ, ಯಾವುದು ಇನ್ನೂ ಕಪ್ಪಾಗಿದೆಯೋ ಆ ಜಾಗಕ್ಕೆ ಹೊಗೆ ತರುವ ಒಲೆಯನ್ನು ಹುಡುಕಿ. ನಮ್ಮ ಮನೆಯ ತೊಟ್ಟಿಲ ತೊಲೆಯ ಚೂರು ಎರಡನೆಯ ತಿಂಗಳಿಗೆ ಬರಿಯ ಧೂಳಿನ ಬಣ್ಣದ್ದಾಗಿತ್ತು. ಅಡುಗೆಮನೆಯದಕ್ಕೆ ಇನ್ನೂ ಕೆಲಸ ಬಾಕಿಯಿದೆ, ಈ ವಾರ ಒಲೆಯ ಜಾಳಿಗೆ ಬದಲಿಸಬೇಕು.